ಚಾರ್ಲಿಯ ಹಳೇ ವರಸೆಗಳು

ಚಾರ್ಲಿ ಚಾಪ್ಲಿನ್ ಬೇಸರ ತರಿಸುತ್ತಾನೆ ಎಂದು ನಾಲ್ಕು ಜನರ ಮುಂದೆ ಹೇಳಿದರೆ ಹೇಳಿದವರ ಮೇಲೆಯೇ ಅನುಮಾನ ಹುಟ್ಟುತ್ತದೆ. ಹಾಸ್ಯಪ್ರಜ್ಞೆ ಇಲ್ಲ, ಬಡವರ ನೋವು ಗೊತ್ತಿಲ್ಲ, ರೀಲ್ಸ್ ನೋಡಿ ನೋಡಿ ತಾಳ್ಮೆ ಕೆಟ್ಟಿದೆ ಎಂಬ ಮಾತುಗಳು ಸಿದ್ಧವಾಗಿರುತ್ತವೆ. ಆದರೂ ಅವನ ಚಿತ್ರಗಳನ್ನು ತೆರೆಕಂಡ ಕ್ರಮದಲ್ಲೇ ನೋಡುತ್ತ ಹೋದರೆ ಎಲ್ಲೋ ಒಂದು ಕಡೆ ‘ಮತ್ತೆ ಅದೇನಾ?’ ಅನ್ನಿಸದೆ ಇರುವುದು ಕಷ್ಟ. ಹಿಂಭಾಗಕ್ಕೊಂದು ಒದೆತ, ಒದ್ದ ಮೇಲೆ ಟೋಪಿ ಎತ್ತಿ ವಿನಯ. ಪೊಲೀಸನನ್ನು ಕಂಡೊಡನೆ ಓಟ, ತಿರುವಿನಲ್ಲಿ ಒಂಟಿಗಾಲ ಮೇಲೆ ಜಾರುವುದು. ಬೆತ್ತದ ಕೊಕ್ಕೆಗೆ ಸಿಕ್ಕುವ ಯಾರದೋ ಕತ್ತು, ಯಾರದೋ ಕಾಲು. ಎದುರಿಗೆ ಯಾವಾಗಲೂ ಗುಡ್ಡದಂಥ ಒಬ್ಬ ಆಸಾಮಿ. ಹತ್ತನೆಯ ಚಿತ್ರದ ಹೊತ್ತಿಗೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಅವನಿಗಿಂತ ಮೊದಲು ನಮಗೆ ಗೊತ್ತಾಗಿರುತ್ತದೆ. ಈ ಬೇಸರವನ್ನು ಅಡಗಿಸಿಟ್ಟುಕೊಳ್ಳಬೇಕಾದ ಕಾರಣವಿಲ್ಲ. ಅದರ ಬೆನ್ನು ಹಿಡಿದು ಹೋದರೆ ಚಾಪ್ಲಿನ್ನನ ಕೆಲಸದಲ್ಲಿ ಸತ್ತದ್ದು ಯಾವುದು, ಇನ್ನೂ ಉಸಿರಾಡುತ್ತಿರುವುದು ಯಾವುದು ಎಂಬುದು ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅವನ ವರಸೆಗಳ ಬಗ್ಗೆ ಮೊಟ್ಟಮೊದಲು ಬೇಸತ್ತವನು ಸ್ವತಃ ಅವನೇ ಎಂಬುದೂ ಕಾಣುತ್ತದೆ.

ಮೊದಲು ಲೆಕ್ಕ ನೋಡೋಣ. 1914ರ ಫೆಬ್ರುವರಿಯಲ್ಲಿ, ‘ಕಿಡ್ ಆಟೋ ರೇಸಸ್ ಅಟ್ ವೆನಿಸ್’ ಎಂಬ ಪುಟ್ಟ ಚಿತ್ರದಲ್ಲಿ, ದೊಗಲೆ ಪ್ಯಾಂಟು ಬಿಗಿ ಕೋಟಿನ ಅಲೆಮಾರಿ ಮೊದಲ ಬಾರಿ ಪ್ರೇಕ್ಷಕರೆದುರು ಬಂದ. ಆ ಒಂದೇ ವರ್ಷದಲ್ಲಿ ಮ್ಯಾಕ್ ಸೆನೆಟ್‌ನ ಕೀಸ್ಟೋನ್ ಕಂಪನಿಗಾಗಿ ಚಾಪ್ಲಿನ್ 35ರಷ್ಟು ಚಿತ್ರಗಳಲ್ಲಿ ಕಾಣಿಸಿಕೊಂಡ. 1915ರಲ್ಲಿ ಎಸ್ಸನೇ ಕಂಪನಿಗೆ ಹೋದಾಗ ಈ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. 1916 ಮತ್ತು 1917ರಲ್ಲಿ ಮ್ಯೂಚುಅಲ್ ಕಂಪನಿಗೆ ಮಾಡಿದ್ದು 12. ಆಮೇಲೆ ವರ್ಷಕ್ಕೆ ಒಂದೋ ಎರಡೋ. ‘ದಿ ಸರ್ಕಸ್’ 1928, ‘ಸಿಟಿ ಲೈಟ್ಸ್’ 1931, ‘ಮಾಡರ್ನ್ ಟೈಮ್ಸ್’ 1936. ವಾರಕ್ಕೆ 10,000 ಡಾಲರ್ ಸಂಬಳ ಪಡೆಯುತ್ತಿದ್ದ, ಏನು ಮಾಡಿದರೂ ಜನ ಮುಗಿಬಿದ್ದು ನೋಡುತ್ತಿದ್ದ ನಟನೊಬ್ಬ ಹೀಗೆ ನಿಧಾನವಾದದ್ದೇಕೆ? ಸೋಮಾರಿತನ ಅನ್ನುವಂತಿಲ್ಲ. ಕೆಲಸದ ವಿಷಯದಲ್ಲಿ ಅವನಷ್ಟು ಹಟಮಾರಿಗಳು ಕಡಿಮೆ. ಒಂದು ಪಾರ್ಕು, ಒಬ್ಬ ಪೊಲೀಸು, ಒಬ್ಬಳು ಚೆಲುವೆ ಇದ್ದರೆ ತನಗೊಂದು ಕಾಮಿಡಿ ಸಾಕು ಎಂಬರ್ಥದ ಮಾತು ಅವನ ಆತ್ಮಕಥೆಯಲ್ಲಿದೆ. 1914ರ ಮಟ್ಟಿಗೆ ಅದು ಪೂರ್ತಿ ನಿಜ. ಆ ವರ್ಷದ ಚಿತ್ರಗಳಲ್ಲಿ ಹಲವು ಪಾರ್ಕಿನ ಬೆಂಚಿನಿಂದ ಶುರುವಾಗಿ ಕೆರೆಯ ನೀರಿನಲ್ಲಿ ಮುಗಿಯುತ್ತವೆ. ಅದೇ ಸೂತ್ರವನ್ನು ಬದುಕಿಡೀ ನಡೆಸಬಹುದಿತ್ತು. ನಡೆಸಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಇಲ್ಲಿಯೇ ಒಂದು ಆಕ್ಷೇಪ ಏಳುತ್ತದೆ, ಅದು ಹುರುಳಿಲ್ಲದ್ದಲ್ಲ. ಈ ಚಿತ್ರಗಳು ಒಂದಾದ ಮೇಲೊಂದು ನೋಡಲೆಂದು ಮಾಡಿದವಲ್ಲ. ಅಂದಿನ ಪ್ರೇಕ್ಷಕನಿಗೆ ಒಂದು ರೀಲಿನ ಚಾಪ್ಲಿನ್ ಚಿತ್ರವೆಂದರೆ ಹತ್ತು ಹದಿನೈದು ನಿಮಿಷದ ತಿಂಡಿ. ಅದರ ಜೊತೆಗೆ ಬೇರೆಯವರ ಚಿತ್ರಗಳು, ಸುದ್ದಿ, ಹಾಡು. ಮುಂದಿನ ಚಾಪ್ಲಿನ್ ಬರುವುದು ಒಂದೆರಡು ವಾರ ಕಳೆದ ಮೇಲೆ. ಒದೆತ ಮತ್ತೆ ಬಂದರೆ ಹಳೆಯ ಗೆಳೆಯ ಸಿಕ್ಕ ಸಂತೋಷ. ಅದನ್ನೇ ಇಂದು ಯೂಟ್ಯೂಬಿನಲ್ಲಿ ಎರಡು ತಾಸಿನ ‘ಬೆಸ್ಟ್ ಆಫ್’ ಕಟ್ಟು ಮಾಡಿ ನುಂಗಿದರೆ ಅಜೀರ್ಣವಾಗುವುದು ಯಾರ ತಪ್ಪು? ಇದಕ್ಕೆ ವೇಗದ ಸಮಸ್ಯೆಯನ್ನೂ ಸೇರಿಸಬೇಕು. ಮೂಕಿ ಚಿತ್ರಗಳನ್ನು ಸೆಕೆಂಡಿಗೆ 16, 18 ಫ್ರೇಮಿನ ಆಸುಪಾಸಿನಲ್ಲಿ, ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಚಿತ್ರೀಕರಿಸುತ್ತಿದ್ದರು. ಟಾಕಿ ಬಂದ ಮೇಲೆ 24 ಫ್ರೇಮಿನ ವೇಗ ಸ್ಥಿರವಾಯಿತು. ಹಳೆಯ ಪ್ರಿಂಟುಗಳನ್ನು ಆ ವೇಗದಲ್ಲಿ ಓಡಿಸಿ, ಮೇಲೆ ‘ಡೊಂಯ್’ ‘ಟುಸ್’ ಎಂಬ ಸದ್ದು ಅಂಟಿಸಿ ಮಾರಿದವರು ಚಾಪ್ಲಿನ್ನನ ಲಯವನ್ನೇ ಹಾಳುಮಾಡಿದರು. ಅವನ ನಗೆಯಲ್ಲಿ ಒದೆತಕ್ಕಿಂತ ಒದೆಯುವ ಮುಂಚಿನ ಅರೆಕ್ಷಣದ ಯೋಚನೆ ಮುಖ್ಯ. ವೇಗ ಹೆಚ್ಚಿದರೆ ಮೊದಲು ಕಾಣೆಯಾಗುವುದು ಆ ಅರೆಕ್ಷಣವೇ. ಹೀಗಾಗಿ ಇಂದಿನ ಬೇಸರದಲ್ಲಿ ಒಂದು ಪಾಲು ಚಾಪ್ಲಿನ್ನನ ಖಾತೆಗೆ ಸೇರತಕ್ಕದ್ದಲ್ಲ, ಒಪ್ಪೋಣ.

ಒಪ್ಪಿದ ಮೇಲೂ ಉಳಿಯುವ ಪಾಲಿದೆ. ಸರಿಯಾದ ವೇಗದಲ್ಲಿ, ಒಳ್ಳೆಯ ಪ್ರಿಂಟಿನಲ್ಲಿ, ಒಂದನ್ನೇ ನೋಡಿದರೂ ಸಪ್ಪೆ ಎನಿಸುವ ಚಾಪ್ಲಿನ್ ಚಿತ್ರಗಳಿವೆ. 1919ರ ‘ಎ ಡೇಸ್ ಪ್ಲೆಷರ್’ ಇದಕ್ಕೆ ಉತ್ತಮ ಉದಾಹರಣೆ. ಅದು ಬರುವಾಗ ಚಾಪ್ಲಿನ್ ಅನನುಭವಿಯಲ್ಲ, ‘ದಿ ಇಮಿಗ್ರಂಟ್’ ಮತ್ತು ‘ಶೋಲ್ಡರ್ ಆರ್ಮ್ಸ್’ ಆಗಲೇ ಮಾಡಿದವನು. ಹೆಂಡತಿ ಮಕ್ಕಳ ಜೊತೆ ರಜೆಯ ದಿನ ಹೊರಟ ಗೃಹಸ್ಥನ ಕತೆ. ಸ್ಟಾರ್ಟ್ ಆಗದ ಕಾರು, ದೋಣಿಯಲ್ಲಿ ಹೊಟ್ಟೆ ತೊಳಸುವಿಕೆ, ಎಷ್ಟು ಮಡಿಸಿ ಬಿಡಿಸಿದರೂ ಕುರ್ಚಿಯಾಗದ ಮಡಿಕೆ ಕುರ್ಚಿ, ರಸ್ತೆಯ ಡಾಂಬರಿನಲ್ಲಿ ಸಿಕ್ಕಿಕೊಂಡ ಕಾಲು. ಒಂದೊಂದು ವರಸೆಯೂ ನುಣುಪಾಗಿದೆ. ಕುರ್ಚಿಯ ಪ್ರಸಂಗದಲ್ಲಂತೂ ಕೈಚಳಕ ನೋಡುವಂತಿದೆ. ಆದರೂ ಚಿತ್ರ ಮುಗಿದಾಗ ಏನೂ ಉಳಿಯುವುದಿಲ್ಲ, ಏಕೆಂದರೆ ಕುರ್ಚಿ ಬಿಡಿಸಿಕೊಂಡರೂ ಬಿಡಿಸಿಕೊಳ್ಳದಿದ್ದರೂ ಆ ಮನುಷ್ಯನಿಗೆ ಆಗಬೇಕಾದ್ದೇನೂ ಇಲ್ಲ. ಅದೇ ವರ್ಷದ ‘ಸನ್ನಿಸೈಡ್’ ಮಾಡುವಾಗಿನ ಸಂಕಟವನ್ನು ಚಾಪ್ಲಿನ್ ತಾನೇ ಬರೆದುಕೊಂಡಿದ್ದಾನೆ. ಕಲ್ಪನೆ ಬತ್ತಿಹೋದ ಕಾಲ ಅದು. ಅದರಿಂದ ಹೊರಬಂದದ್ದು 1921ರ ‘ದಿ ಕಿಡ್’ ಮೂಲಕ. ಅಲ್ಲಿಯೂ ಪೊಲೀಸನಿದ್ದಾನೆ, ಓಟವಿದೆ, ಛಾವಣಿಗಳ ಮೇಲಿನ ಹಾರಾಟವಿದೆ. ಆದರೆ ಓಡುವವನು ಅನಾಥಾಲಯದ ಗಾಡಿಯಲ್ಲಿ ಒಯ್ಯುತ್ತಿರುವ ಮಗುವಿನ ಹಿಂದೆ ಓಡುತ್ತಿದ್ದಾನೆ.

ನನ್ನ ವಾದದ ತಿರುಳು ಇಲ್ಲಿದೆ: ವರಸೆ ಹಳತಾಗುವುದು ಮರುಕಳಿಸುವುದರಿಂದಲ್ಲ, ಅದರ ಹಿಂದೆ ಪಾತ್ರದ ಗರಜು ಇಲ್ಲದಿರುವುದರಿಂದ. ಇದಕ್ಕೆ ಬಾಕ್ಸಿಂಗ್ ಕಣದ ಸಾಕ್ಷ್ಯವೇ ಬಲವಾದದ್ದು. 1914ರ ‘ದಿ ನಾಕೌಟ್’ ಚಿತ್ರದಲ್ಲಿ ಬಾಕ್ಸಿಂಗ್ ಪಂದ್ಯವಿದೆ. ಆಡುವವನು ರಾಸ್ಕೋ ಆರ್ಬಕಲ್, ನಡುವೆ ಸಿಕ್ಕಿ ಪೆಟ್ಟು ತಿನ್ನುವ ರೆಫರಿ ಚಾಪ್ಲಿನ್. 1915ರ ‘ದಿ ಚಾಂಪಿಯನ್’ನಲ್ಲಿ ಚಾಪ್ಲಿನ್ನನೇ ಬಾಕ್ಸರ್, ಗ್ಲೌಸಿನೊಳಗೆ ಕುದುರೆ ಲಾಳ. 16 ವರ್ಷ ಕಳೆದು ‘ಸಿಟಿ ಲೈಟ್ಸ್’ನಲ್ಲಿ ಮತ್ತೆ ಅದೇ ಕಣ, ಅದೇ ಬಗೆಯ ಬಲಿಷ್ಠ ಎದುರಾಳಿ, ರೆಫರಿಯ ಬೆನ್ನ ಹಿಂದೆ ಅಡಗಿ ಕುಣಿಯುವ ಅದೇ ವರಸೆ. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಹಳಸಲು ಬೇರಿಲ್ಲ. ಆದರೆ ತೆರೆಯ ಮೇಲೆ ಅವನ ಬಾಕ್ಸಿಂಗ್ ದೃಶ್ಯಗಳಲ್ಲೆಲ್ಲ ಇದೇ ಅತ್ಯಂತ ತಾಜಾ. ಕಾರಣ, ಈ ಸಲ ಅವನು ಕಣಕ್ಕಿಳಿದದ್ದು ಕುರುಡಿ ಹೂವಾಡಗಿತ್ತಿಯ ಮನೆ ಬಾಡಿಗೆಗೆ. 22 ಡಾಲರ್ ಕಟ್ಟದಿದ್ದರೆ ಅವಳೂ ಅಜ್ಜಿಯೂ ಬೀದಿಗೆ ಬೀಳುತ್ತಾರೆ. ಹಣ ಹಂಚಿಕೊಳ್ಳೋಣ, ಮೆಲ್ಲಗೆ ಹೊಡೆದಾಡೋಣ ಎಂದು ಒಪ್ಪಿಕೊಂಡಿದ್ದ ಎದುರಾಳಿ ಪಲಾಯನ ಮಾಡಿದ್ದಾನೆ. ಅವನ ಜಾಗಕ್ಕೆ ಬಂದವನಿಗೆ ದಯೆ ದಾಕ್ಷಿಣ್ಯ ಗೊತ್ತಿಲ್ಲ. ರೆಫರಿಯ ಹಿಂದೆ ಅಡಗುವ ಪ್ರತಿ ಹೆಜ್ಜೆಯೂ ನಗಿಸುತ್ತದೆ, ಜೊತೆಗೆ ‘ಗೆದ್ದುಬಿಡಲಪ್ಪಾ’ ಎಂಬ ಆಸೆಯನ್ನೂ ಹುಟ್ಟಿಸುತ್ತದೆ. ಅವನು ಸೋಲುತ್ತಾನೆ. 1915ರಲ್ಲಿ ಇಂಥ ಸೋಲಿಗೆ ಜಾಗವಿರಲಿಲ್ಲ. ಕುಡುಕನ ವರಸೆಯ ಚರಿತ್ರೆಯೂ ಹೀಗೆಯೇ. ಇಂಗ್ಲೆಂಡಿನ ಫ್ರೆಡ್ ಕಾರ್ನೊ ತಂಡದ ‘ಮಮಿಂಗ್ ಬರ್ಡ್ಸ್’ ಎಂಬ ರಂಗ ಪ್ರಹಸನದಲ್ಲಿ ಚಾಪ್ಲಿನ್ ಮೆರೆದದ್ದು ಕುಡುಕನಾಗಿ. ಆ ಬಂಡವಾಳವನ್ನೇ ‘ಎ ನೈಟ್ ಇನ್ ದಿ ಶೋ’ದಲ್ಲಿ, ‘ಒನ್ ಎ.ಎಂ.’ದಲ್ಲಿ, ‘ದಿ ಕ್ಯೂರ್’ನಲ್ಲಿ ಖರ್ಚು ಮಾಡಿದ. ಸಿಟಿ ಲೈಟ್ಸಿಗೆ ಬರುವಾಗ ಒಂದು ಬದಲಾವಣೆ ಮಾಡಿದ: ಮುಖ್ಯ ಕುಡುಕ ಈಗ ಬೇರೆಯವನು, ಒಬ್ಬ ಕೋಟ್ಯಧೀಶ. ಕುಡಿದಾಗ ಅಲೆಮಾರಿಯನ್ನು ಅಪ್ಪಿಕೊಳ್ಳುವ, ನಶೆ ಇಳಿದಾಗ ಗುರುತೇ ಹಿಡಿಯದೆ ಹೊರದಬ್ಬಿಸುವ ಮನುಷ್ಯ. ತೂರಾಡುವ ಹಳೆಯ ಕಸರತ್ತು ಶ್ರೀಮಂತರ ಔದಾರ್ಯದ ಬಗೆಗಿನ ವಿಮರ್ಶೆಯಾಯಿತು.

ಇದನ್ನು ಚಾಪ್ಲಿನ್ ಆಕಸ್ಮಿಕವಾಗಿ ಮಾಡಲಿಲ್ಲ, ಪೂರ್ತಿ ತಿಳಿದು ಮಾಡಿದ ಎನ್ನುವುದಕ್ಕೆ ‘ದಿ ಸರ್ಕಸ್’ ಇದೆ. ಹಳಸಿದ ವರಸೆಯನ್ನೇ ವಸ್ತುವಾಗಿಸಿಕೊಂಡ ಈ ಚಿತ್ರವನ್ನು ಚಾಪ್ಲಿನ್ ಭಕ್ತರು ಏಕೆ ಹೆಚ್ಚು ಚರ್ಚಿಸುವುದಿಲ್ಲವೋ. ಅವನ ಆತ್ಮಕಥೆಯೂ ಅದರ ಬಗ್ಗೆ ಹೆಚ್ಚುಕಡಿಮೆ ಮೌನವಾಗಿದೆ. ಮುಳುಗುತ್ತಿರುವ ಒಂದು ಸರ್ಕಸ್ಸು. ವಿದೂಷಕರು ಅದೇ ಹಳೆಯ ಆಟ ಆಡುತ್ತಾರೆ, ಜನ ಆಕಳಿಸುತ್ತಾರೆ. ಪೊಲೀಸನಿಂದ ತಪ್ಪಿಸಿಕೊಂಡು ಓಡುತ್ತಿರುವ ಅಲೆಮಾರಿ ಡೇರೆಯೊಳಗೆ ನುಗ್ಗಿದಾಗ ಜನ ಬಿದ್ದುಬಿದ್ದು ನಗುತ್ತಾರೆ. ಮಾಲೀಕ ಅವನನ್ನು ಕರೆಸಿ, ಈಗ ನಗಿಸು ನೋಡೋಣ ಎನ್ನುತ್ತಾನೆ. ತಲೆಯ ಮೇಲೆ ಸೇಬು ಇಟ್ಟು ಬಾಣ ಹೂಡುವ ಆಟ, ಕ್ಷೌರದಂಗಡಿಯ ನೊರೆಯ ಆಟ, ಒಂದನ್ನೂ ಅವನಿಂದ ಕೇಳಿದಂತೆ ಮಾಡಲಾಗುವುದಿಲ್ಲ. ಮಾಲೀಕನ ಮುಖದಲ್ಲಿ ನಗೆ ಇಲ್ಲ. ಕೊನೆಗೆ ಅವನನ್ನು ಸಾಮಾನು ಹೊರುವ ಆಳಾಗಿ ಇಟ್ಟುಕೊಂಡು, ಅವನಿಗೆ ಗೊತ್ತಾಗದಂತೆ ಅವನ ಪೇಚಾಟವನ್ನೇ ಜನರಿಗೆ ಮಾರುತ್ತಾರೆ. ತಟ್ಟೆಗಳ ಅಟ್ಟಿ ಹೊತ್ತು ಕತ್ತೆಯಿಂದ ಅಟ್ಟಿಸಿಕೊಂಡು ಬರುವವನಿಗೆ ನಗಿಸುವ ಉದ್ದೇಶವೇ ಇಲ್ಲ. ಅವನಿಗೆ ತಟ್ಟೆ ಒಡೆಯದಿದ್ದರೆ ಸಾಕು, ಕತ್ತೆ ದೂರ ಹೋದರೆ ಸಾಕು. ಮುಂದೆ ತಾನು ಪ್ರೀತಿಸಿದ ಹುಡುಗಿ ತಂತಿಯ ಮೇಲೆ ನಡೆಯುವವನಿಗೆ ಮನಸೋತಿದ್ದಾಳೆಂದು ತಿಳಿದ ಮೇಲೆ ಅವನು ಎಷ್ಟು ಪ್ರಯತ್ನಿಸಿದರೂ ಯಾರೂ ನಗುವುದಿಲ್ಲ. ವರಸೆಗಳು ಅವೇ, ಮಾಡುವವನೂ ಅವನೇ. ಹಾಸ್ಯದ ಬಗ್ಗೆ ಬಂದ ಎಷ್ಟೋ ಶಾಸ್ತ್ರಗ್ರಂಥಗಳು ಹೇಳಲು ತಿಣುಕುವುದನ್ನು ಈ ಚಿತ್ರ ಒಂದು ಕತ್ತೆಯ ಸಹಾಯದಿಂದ ಹೇಳಿಬಿಡುತ್ತದೆ.

ಮರುಕಳಿಕೆಯೇ ನಗೆಯ ಮೂಲ ಅಲ್ಲವೇ ಎಂಬ ಪ್ರಶ್ನೆಯನ್ನು ಇಲ್ಲಿ ಎದುರಿಸಬೇಕು. ಫ್ರೆಂಚ್ ತತ್ವಜ್ಞಾನಿ ಹೆನ್ರಿ ಬರ್ಗ್‌ಸನ್ 1900ರಲ್ಲಿ ಪ್ರಕಟಿಸಿದ ನಗೆಯ ಕುರಿತ ಗ್ರಂಥದಲ್ಲಿ ಮನುಷ್ಯ ಯಂತ್ರದಂತೆ ವರ್ತಿಸಿದಾಗ ನಗು ಬರುತ್ತದೆ ಎಂದ. ಮರುಕಳಿಕೆ ಅವನ ಪಟ್ಟಿಯಲ್ಲಿ ಮುಖ್ಯ ಸಾಧನ. ನಮ್ಮ ಕಂಪನಿ ನಾಟಕಗಳ ಪ್ರೇಕ್ಷಕರು ಮೆಚ್ಚಿದ ಹಾಡಿಗೆ ‘ಒನ್ಸ್ ಮೋರ್’ ಎಂದು ಕೂಗಿ, ಕತೆ ನಿಂತರೂ ಸರಿಯೆಂದು ಮತ್ತೆ ಹಾಡಿಸುತ್ತಿದ್ದರು. ಯಕ್ಷಗಾನದಲ್ಲಿ ಹಾಸ್ಯಗಾರ ಅದೇ ದೂತನಾಗಿ ಅದೇ ಪ್ರಸಂಗಕ್ಕೆ ಎಷ್ಟನೆಯ ಸಲ ಬಂದರೂ ಜನ ಎದ್ದು ಕೂರುತ್ತಾರೆ. ಹಾಗಿದ್ದಮೇಲೆ ಚಾಪ್ಲಿನ್ನನ ಮೇಲೆ ಮಾತ್ರ ಈ ದೂರೇಕೆ? ಬರ್ಗ್‌ಸನ್ನನ ಮಾತನ್ನು ಸರಿಯಾಗಿ ಗಮನಿಸಬೇಕು. ಅವನು ಹೇಳುವುದು ಜೀವಂತ ಮನುಷ್ಯನ ಮೇಲೆ ಯಂತ್ರದ ಜಡತೆ ಮೆತ್ತಿಕೊಂಡಾಗಿನ ನಗೆಯ ಬಗ್ಗೆ. ಒಳಗೆ ಜೀವವೇ ಇಲ್ಲದಿದ್ದರೆ ಉಳಿಯುವುದು ಬರೀ ಯಂತ್ರ, ಅದನ್ನು ನೋಡಿ ಯಾರೂ ನಗುವುದಿಲ್ಲ. ‘ಮಾಡರ್ನ್ ಟೈಮ್ಸ್’ನಲ್ಲಿ ನಟ್ಟು ತಿರುಗಿಸುತ್ತ ತಿರುಗಿಸುತ್ತ ಕೈ ನಿಲ್ಲಿಸಲಾಗದ ಕಾರ್ಮಿಕ ನಗಿಸುವುದು, ನಿಲ್ಲಿಸಲು ಅವನು ಪಡುವ ಪಾಡು ಕಾಣುವುದರಿಂದ. ಯಕ್ಷಗಾನದ ಹಾಸ್ಯಗಾರನ ವಿಷಯಕ್ಕೆ ಬಂದರೆ ಅವನ ಮಾತು ಬರೆದಿಟ್ಟದ್ದಲ್ಲ. ಭಾಗವತರು ಅಂದು ಎಸೆದ ಪ್ರಶ್ನೆ, ಎದುರು ವೇಷಧಾರಿಯ ಮರುಮಾತು, ಆ ಊರಿನ ಸುದ್ದಿ ಎಲ್ಲವೂ ಸೇರಿ ಅದು ಆ ರಾತ್ರಿ ಹುಟ್ಟಿದ್ದು. ಸಿನಿಮಾದ ವರಸೆಗೆ ಈ ಸೌಲಭ್ಯವಿಲ್ಲ. ಫಿಲ್ಮಿನ ಮೇಲೆ ಅಚ್ಚಾದ ಒದೆತ ನೂರು ವರ್ಷವಾದರೂ ಅದೇ ಒದೆತ. ಅದಕ್ಕೆ ಮತ್ತೆ ಮತ್ತೆ ಜೀವ ತುಂಬಬೇಕಾದ್ದು ಸುತ್ತಲಿನ ಕತೆಯೊಂದೇ.

ವರಸೆಯೇ ಸರ್ವಸ್ವವಾಗಿದ್ದರೆ ಅನುಕರಿಸಿದವರೂ ಬಾಳಬೇಕಿತ್ತು. ಬಿಲ್ಲಿ ವೆಸ್ಟ್ ಎಂಬಾತ ಮೀಸೆ, ಟೋಪಿ, ನಡಿಗೆ ಎಲ್ಲವನ್ನೂ ಎಷ್ಟು ಚೆನ್ನಾಗಿ ನಕಲು ಮಾಡಿದನೆಂದರೆ ಇಬ್ಬರ ಚಿತ್ರಗಳೂ ಕೆಲವರಿಗೆ ಅದಲುಬದಲಾಗುತ್ತಿದ್ದವು. ಚಾರ್ಲ್ಸ್ ಅಮಡೋರ್ ಎಂಬ ಇನ್ನೊಬ್ಬ ‘ಚಾರ್ಲಿ ಆಪ್ಲಿನ್’ ಎಂದೇ ಹೆಸರಿಟ್ಟುಕೊಂಡ. ಚಾಪ್ಲಿನ್ ಕೋರ್ಟಿಗೆ ಹೋಗಿ ಗೆದ್ದ. ಇವರನ್ನು ಇಂದು ಇತಿಹಾಸಕಾರರ ಹೊರತು ಯಾರೂ ನೋಡುವುದಿಲ್ಲ. ಹೆರಾಲ್ಡ್ ಲಾಯ್ಡ್ ಜಾಣ. ದೊಗಲೆಗೆ ಬದಲು ಬಿಗಿ ಬಟ್ಟೆ ತೊಟ್ಟು ‘ಲೋನ್‌ಸಮ್ ಲ್ಯೂಕ್’ ಎಂಬ ಪಾತ್ರ ಮಾಡುತ್ತಿದ್ದವನು, ಅದು ಚಾಪ್ಲಿನ್ನನ ನೆರಳೆಂದು ಕಂಡುಕೊಂಡು 1917ರಲ್ಲಿ ಕನ್ನಡಕದ ಹುಡುಗನ ಪಾತ್ರಕ್ಕೆ ತಿರುಗಿದ, ತನ್ನದೇ ದಾರಿ ಮಾಡಿಕೊಂಡ. ತದ್ವಿರುದ್ಧ ದಿಕ್ಕಿನ ಸಾಕ್ಷ್ಯವೂ ಇದೆ. ಫೋರ್ಕಿಗೆ ಚುಚ್ಚಿದ ಎರಡು ಬನ್ನುಗಳನ್ನು ಕಾಲಿನಂತೆ ಕುಣಿಸುವ ಚೇಷ್ಟೆಯನ್ನು ಆರ್ಬಕಲ್ 1917ರ ‘ದಿ ರಫ್ ಹೌಸ್’ ಚಿತ್ರದಲ್ಲೇ ಮಾಡಿದ್ದ. ಕ್ಷಣಾರ್ಧದ ತಮಾಷೆ, ಬಂದು ಹೋಗುತ್ತದೆ. ಎಂಟು ವರ್ಷದ ನಂತರ ‘ದಿ ಗೋಲ್ಡ್ ರಷ್’ನಲ್ಲಿ ಚಾಪ್ಲಿನ್ ಅದನ್ನೇ ಮಾಡಿದಾಗ ಜಗತ್ತು ಮರೆಯಲಿಲ್ಲ. ಹೊಸ ವರ್ಷದ ಊಟಕ್ಕೆ ಬರುತ್ತೇವೆಂದ ಹುಡುಗಿಯರಿಗಾಗಿ ಮೇಜು ಅಲಂಕರಿಸಿ ಕಾಯುತ್ತ ನಿದ್ದೆ ಹೋದವನ ಕನಸು ಅದು. ಹೇಳಿದ ಹೊತ್ತಿಗೆ ಅವರು ಬರಲೇ ಇಲ್ಲ. ಕದ್ದ ವರಸೆ ಎಂದು ಯಾರಾದರೂ ಜರಿದರೆ ಜರಿಯಲಿ. ನೆನಪಿನಲ್ಲಿ ನಿಂತದ್ದು ಯಾರ ಬನ್ನು?

ಇಷ್ಟು ಹೇಳಿದಾಗ ಚಾಪ್ಲಿನ್ ಪರವಾದ ವಾದ ಸುಗಮವಾಗಿ ಗೆದ್ದಂತೆ ಕಾಣಬಹುದು: ಒದೆತ ಸಾಕೆನಿಸಿದರೂ ಕರುಣೆ ಸಾಕೆನಿಸುವುದಿಲ್ಲ ಎಂದು. ನನಗೆ ಹಾಗನಿಸುವುದಿಲ್ಲ. ಚಾಪ್ಲಿನ್ನನಲ್ಲಿ ಕರುಣೆಯೂ ಒಂದು ವರಸೆಯಾಗಿ ಗಟ್ಟಿಯಾಯಿತು, ಅದರ ಬೇಸರ ಒದೆತದ ಬೇಸರಕ್ಕಿಂತ ಭಾರ. 1915ರ ‘ದಿ ಟ್ರ್ಯಾಂಪ್’ನಲ್ಲಿ ರೈತನ ಮಗಳಿಗೆ ಬೇರೆ ಪ್ರಿಯಕರನಿದ್ದಾನೆಂದು ತಿಳಿದು ಅಲೆಮಾರಿ ಮಣ್ಣಿನ ರಸ್ತೆಯಲ್ಲಿ ಹೊರಟುಹೋಗುತ್ತಾನೆ. ಮರುವರ್ಷ ‘ದಿ ವ್ಯಾಗಬಾಂಡ್’ನಲ್ಲಿ ಅವನು ಕಾಪಾಡಿದ ಹುಡುಗಿ ಚಿತ್ರಕಾರನೊಬ್ಬನಿಗೆ ಮನಸೋಲುತ್ತಾಳೆ. ಗೋಲ್ಡ್ ರಷ್‌ನಲ್ಲಿ ಡ್ಯಾನ್ಸ್ ಹಾಲಿನ ಜಾರ್ಜಿಯಾ, ಸರ್ಕಸ್ಸಿನಲ್ಲಿ ಕುದುರೆ ಸವಾರಿಯ ಹುಡುಗಿ. ಪ್ರತಿ ಬಾರಿಯೂ ಹೆಣ್ಣು ಚೆಲುವೆ, ಅಸಹಾಯಕಿ ಅಥವಾ ಅರಿಯದವಳು. ಪ್ರತಿ ಬಾರಿಯೂ ಸುಂದರ ಪುರುಷನೊಬ್ಬ ನಡುವೆ ಬರುತ್ತಾನೆ. ಪ್ರತಿ ಬಾರಿಯೂ ಅಲೆಮಾರಿ ಹಲ್ಲು ಕಾಣುವಂತೆ ನಕ್ಕು ಕಣ್ಣಿನಲ್ಲಿ ಅಳುತ್ತಾನೆ. ಒದೆತ ತನ್ನ ಪಾಡಿಗೆ ಬಂದು ಹೋಗುತ್ತದೆ, ನಕ್ಕರೂ ನಗದಿದ್ದರೂ ಅದು ನಮ್ಮನ್ನು ಕೇಳುವುದಿಲ್ಲ. ಈ ನಗೆ ಹಾಗಲ್ಲ, ನೋಡುವವರ ಕಣ್ಣೀರಿಗೆ ಕೈ ಚಾಚಿ ನಿಲ್ಲುತ್ತದೆ. ‘ಸಿಟಿ ಲೈಟ್ಸ್’ನ ಕೊನೆಯ ದೃಶ್ಯ ಇದೇ ಸಾಮಗ್ರಿಯಿಂದ ಕಟ್ಟಿದ್ದಾದರೂ ತಪ್ಪಿಸಿಕೊಂಡಿದೆ, ಕಣ್ಣು ಬಂದ ಹುಡುಗಿ ಕೈ ಮುಟ್ಟಿ ಇವನನ್ನು ಗುರುತಿಸುತ್ತಾಳೆ, ಮುಂದೇನೆಂದು ಹೇಳದೆ ಚಿತ್ರ ನಿಂತುಬಿಡುತ್ತದೆ. ಅವಳ ಮುಖದಲ್ಲಿರುವುದು ಪ್ರೀತಿಯೋ ಕೃತಜ್ಞತೆಯೋ ನಿರಾಸೆಯೋ, ಚಾಪ್ಲಿನ್ ತೀರ್ಪು ಕೊಡುವುದಿಲ್ಲ. 1952ರ ‘ಲೈಮ್‌ಲೈಟ್’ನಲ್ಲಿ ಆ ಸಂಯಮ ಉಳಿಯಲಿಲ್ಲ. ಜನರಿಗೆ ಬೇಡವಾದ ಮುದಿ ಹಾಸ್ಯನಟ ಕ್ಯಾಲ್ವೆರೊ ಖಾಲಿ ಥಿಯೇಟರಿನ ಕನಸು ಕಂಡು ಬೆಚ್ಚಿಬೀಳುವ ಭಾಗ ಬೆಚ್ಚಗಾಗಿಸುವುದಿಲ್ಲ, ನಡುಗಿಸುತ್ತದೆ. ಆದರೆ ಅದರ ಸುತ್ತ ಅವನು ಆಡುವ ಜೀವನ ದರ್ಶನದ ಉದ್ದುದ್ದ ಮಾತುಗಳನ್ನು ಕೇಳುವಾಗ ಒಂದು ಒದೆತ ಬಂದರೂ ಆಗಿತ್ತು ಅನ್ನಿಸುತ್ತದೆ.

ಇನ್ನು ‘ಅವನೇ ಮೊದಲಿಗ, ಆದ್ದರಿಂದ ತಾಳ್ಮೆ ತೋರಬೇಕು’ ಎಂಬ ವಾದ. ಮೊದಲಿಗನೆಂಬುದು ಪೂರ್ತಿ ನಿಜವೂ ಅಲ್ಲ. ಫ್ರಾನ್ಸಿನ ಮ್ಯಾಕ್ಸ್ ಲಿಂಡರ್ ಅವನಿಗಿಂತ ಮುಂಚೆ ತೆರೆಯ ಮೇಲೆ ಹೆಸರಾಗಿದ್ದ, ಚಾಪ್ಲಿನ್ ಅವನನ್ನು ಗುರುವೆಂದು ಒಪ್ಪಿಕೊಂಡಿದ್ದ. ಮೊದಲಿಗನಾದರೂ ಅದಕ್ಕೆ ಸಲ್ಲತಕ್ಕದ್ದು ಗೌರವ. ಗೌರವಕ್ಕಾಗಿ ನಗುವುದು ಸಾಧ್ಯವಿಲ್ಲ, ಯಾರಾದರೂ ಹಾಗೆ ನಗುತ್ತಿದ್ದರೆ ಅದು ನಟನೆ. ಚಾಪ್ಲಿನ್ ತನ್ನ ಕೆಲಸಕ್ಕೆ ಇಂಥ ರಿಯಾಯಿತಿ ಕೊಟ್ಟವನಲ್ಲ. ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ 1983ರಲ್ಲಿ ಮಾಡಿದ ‘ಅನ್‌ನೋನ್ ಚಾಪ್ಲಿನ್’ ಎಂಬ ಸಾಕ್ಷ್ಯಚಿತ್ರದಲ್ಲಿ, ‘ಸಿಟಿ ಲೈಟ್ಸ್’ಗೆಂದು ಚಿತ್ರೀಕರಿಸಿ ಕೈಬಿಟ್ಟ ಒಂದು ದೃಶ್ಯವಿದೆ. ಅಂಗಡಿಯೆದುರಿನ ಕಬ್ಬಿಣದ ಜಾಲರಿಯಲ್ಲಿ ಸಿಕ್ಕ ಒಂದು ಮರದ ಚೂರನ್ನು ಅಲೆಮಾರಿ ಬೆತ್ತದಿಂದ ಒತ್ತುತ್ತಾನೆ. ಅದು ಬೀಳುವುದಿಲ್ಲ. ಮತ್ತೆ ಒತ್ತುತ್ತಾನೆ. ಜನ ಸೇರುತ್ತಾರೆ, ಸಂಚಾರ ನಿಲ್ಲುತ್ತದೆ, ಪೊಲೀಸ್ ಬರುತ್ತಾನೆ. ಶೂನ್ಯದಿಂದ ನಗೆ ಹುಟ್ಟಿಸುವುದೆಂದರೆ ಏನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ತುಣುಕು ಸಿಗುವುದು ಕಷ್ಟ. ಆದರೆ ಅದಕ್ಕೂ ಹೂವಾಡಗಿತ್ತಿಯ ಕತೆಗೂ ಸಂಬಂಧವಿರಲಿಲ್ಲ. ಚಾಪ್ಲಿನ್ ಅಷ್ಟನ್ನೂ ಕತ್ತರಿಸಿ ಪಕ್ಕಕ್ಕಿಟ್ಟ. ಅದೇ ಚಿತ್ರದಲ್ಲಿ, ಹುಡುಗಿ ಇವನನ್ನು ಶ್ರೀಮಂತನೆಂದು ತಪ್ಪು ತಿಳಿಯುವುದು ಹೇಗೆ ಎಂಬ ಒಂದು ಸಣ್ಣ ಪ್ರಶ್ನೆಗೆ ಉತ್ತರ ಹುಡುಕುತ್ತ ಅವರಿಬ್ಬರ ಮೊದಲ ಭೇಟಿಯನ್ನು ನೂರಾರು ಸಲ ಚಿತ್ರೀಕರಿಸಿದ. ಕೊನೆಗೆ ಹೊಳೆದದ್ದು ಕಾರಿನ ಬಾಗಿಲು ಮುಚ್ಚುವ ಸದ್ದು, ಅದೂ ಮೂಕಿ ಚಿತ್ರದಲ್ಲಿ.

ಚಾಪ್ಲಿನ್ನನ್ನು ಹೊಸಬರಿಗೆ, ಅದರಲ್ಲೂ ಮಕ್ಕಳಿಗೆ ತೋರಿಸಲು ಹೊರಡುವ ಶಾಲೆಗಳು, ಫಿಲಂ ಸೊಸೈಟಿಗಳು, ಮನೆಯ ಹಿರಿಯರು ಈ ಕತ್ತರಿಯಿಂದ ಸ್ವಲ್ಪ ಕಲಿಯಬಹುದು. ಕತೆಯಿಂದ ಕಿತ್ತು ತಂದ ಒದೆತಗಳ ಸರಮಾಲೆ ಬೇಡ. ಅದನ್ನು ನೋಡಿ ಮಗು ಹತ್ತು ನಿಮಿಷ ನಕ್ಕು ಹನ್ನೊಂದನೆಯ ನಿಮಿಷಕ್ಕೆ ಎದ್ದುಹೋದರೆ ತಪ್ಪು ಮಗುವಿನದಲ್ಲ. ಕೀಸ್ಟೋನ್ ಕಾಲದ ಬಹುಪಾಲು ಚಿತ್ರಗಳನ್ನು ಅಧ್ಯಯನ ಮಾಡುವವರಿಗೆ ಬಿಡಿ. ‘ದಿ ಸರ್ಕಸ್’ ಇಡೀ ಚಿತ್ರವನ್ನು, ಸರಿಯಾದ ವೇಗದ ಪ್ರತಿಯಲ್ಲಿ, ಒಂದೇ ಕೂರಿಕೆಯಲ್ಲಿ ತೋರಿಸಿ. ಆಮೇಲೆ ಒಂದಷ್ಟು ತಿಂಗಳು ಚಾಪ್ಲಿನ್ನನ ಸುದ್ದಿಗೇ ಹೋಗಬೇಡಿ.